ಸಿಡಿಲಿನ ಊರಿಗೆ ಎಷ್ಟು ರೂಪಾಯಿಯ ರೂಟರ್?

2022ರ ಜುಲೈಯಲ್ಲಿ ನಾನು 32,000 ರೂಪಾಯಿ ಕೊಟ್ಟು ಒಂದು ವೈಫೈ ರೂಟರ್ ಕೊಂಡೆ. 2023ರ ಅಕ್ಟೋಬರಿನ ಒಂದು ಸಂಜೆ, ಹಿಂಗಾರಿನ ಗುಡುಗು ಶುರುವಾದ ಹೊತ್ತಿಗೆ, ಅದು ಸುಟ್ಟುಹೋಯಿತು. ನಡುವೆ 15 ತಿಂಗಳು. ಭಾಗಿಸಿದರೆ ತಿಂಗಳಿಗೆ 2,133 ರೂಪಾಯಿ. ನಮ್ಮ ಮನೆಯ ಇಂಟರ್ನೆಟ್ ಬಿಲ್ಲು, 799 ರೂಪಾಯಿಯ ಪ್ಲಾನಿಗೆ ಶೇಕಡಾ 18 ಜಿಎಸ್‌ಟಿ ಸೇರಿ, 943 ರೂಪಾಯಿ. ನೀರಿಗೆ ಕೊಟ್ಟದ್ದರ ಎರಡು ಪಟ್ಟಿಗೂ ಹೆಚ್ಚು ದುಡ್ಡನ್ನು ನಾನು ಕೊಡಪಾನಕ್ಕೆ ಕೊಟ್ಟಿದ್ದೆ.

ದುಡ್ಡು ಹೋದದ್ದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಬದುಕಿದ್ದಷ್ಟು ದಿನವೂ ಆ ಪೆಟ್ಟಿಗೆ ನಾವು ಯಾವ ಕೆಲಸಕ್ಕೆ ತಂದಿದ್ದೆವೋ ಆ ಕೆಲಸ ಮಾಡಿರಲಿಲ್ಲ.

ನಮ್ಮದು ಪುತ್ತೂರು ಪೇಟೆಯಿಂದ ಎಂಟು ಕಿಲೋಮೀಟರ್ ಒಳಗೆ, ಅಡಿಕೆ ತೋಟದ ನಡುವಿನ ಮನೆ. ಅಜ್ಜ ಕಟ್ಟಿಸಿದ್ದು. ಒಂದೂಕಾಲು ಅಡಿ ದಪ್ಪದ ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು. 2020ರ ಲಾಕ್‌ಡೌನಿಗೆ ಬೆಂಗಳೂರಿನಿಂದ ಬಂದ ತಮ್ಮ, ಕಂಪನಿ ಒಪ್ಪಿದ್ದರಿಂದ, ಇಲ್ಲೇ ಉಳಿದ. ಅವನು ಕೂರುವುದು ಉಪ್ಪರಿಗೆಯ ಹಿಂದಿನ ಕೋಣೆಯಲ್ಲಿ. ಫೈಬರಿನವರು ಕೊಟ್ಟ ಬಿಳಿ ಪೆಟ್ಟಿಗೆ ಇರುವುದು ಎದುರಿನ ಚಾವಡಿಯಲ್ಲಿ. ನಡುವೆ ಮೂರು ಗೋಡೆ, ಅಮ್ಮನ ಕೋಣೆಯ ಕಬ್ಬಿಣದ ಬೀರು, ಒಟ್ಟು ಸುಮಾರು 14 ಮೀಟರ್ ದೂರ. ವಾರಕ್ಕೆ ನಾಲ್ಕು ಸಲವಾದರೂ ಮೇಲಿನಿಂದ ಒಂದೇ ಮಾತು ಕೇಳುತ್ತಿತ್ತು: "ಅಣ್ಣಾ, ಸಿಗ್ನಲ್ ಉಂಟು, ನೆಟ್ ಇಲ್ಲ."

ಊರಿನಲ್ಲಿ ಉಳಿಯಬೇಕೆಂದು ಬಂದ ಹುಡುಗನ ಕೆಲಸಕ್ಕೆ ಒಂದು ಪೆಟ್ಟಿಗೆಯಿಂದ ತೊಂದರೆಯಾಗಬಾರದು, ಇರುವುದರಲ್ಲೇ ಒಳ್ಳೆಯದನ್ನು ತಂದರಾಯಿತು ಎಂದುಕೊಂಡೆ. ಒಳ್ಳೆಯದು ಎಂದರೆ ದುಬಾರಿಯದು ಎಂದು ಮನಸ್ಸು ತಾನಾಗಿಯೇ ಓದಿಕೊಂಡಿತು. ಹತ್ತೊಂಬತ್ತು ವರ್ಷ ಸಹಕಾರ ಸಂಘದಲ್ಲಿ ಬೇರೆಯವರ ಸಾಲದ ಅರ್ಜಿ ನೋಡಿದವನು ನಾನು. "ಇದು ಯಾವ ಕೆಲಸಕ್ಕೆ, ಎಷ್ಟು ವರ್ಷ ಬಾಳುತ್ತದೆ" ಎಂದು ಕೇಳದೆ ಒಂದು ಪಂಪುಸೆಟ್ಟಿಗೂ ಸಾಲ ಕೊಟ್ಟವನಲ್ಲ. ನನ್ನ ಮನೆಯ ಖರ್ಚಿಗೆ ಆ ಎರಡು ಪ್ರಶ್ನೆಗಳನ್ನು ಕೇಳಲಿಲ್ಲ.

ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಎಎಕ್ಸ್ 11000 ಎಂದು ಬರೆದಿತ್ತು. ಎಂಟು ಆಂಟೆನಾ. ಈ ಹನ್ನೊಂದು ಸಾವಿರ ಎಲ್ಲಿಂದ ಬಂತೆಂದು ನಾನು ಲೆಕ್ಕ ಬಿಡಿಸಿದ್ದು ಕೊಂಡ ಮೇಲೆ. ರೂಟರಿನಲ್ಲಿ ಮೂರು ರೇಡಿಯೋಗಳಿವೆ. 2.4 ಗಿಗಾಹರ್ಟ್ಸ್‌ನದಕ್ಕೆ 1,148 ಎಂಬಿಪಿಎಸ್, 5 ಗಿಗಾಹರ್ಟ್ಸ್‌ನ ಎರಡಕ್ಕೆ ತಲಾ 4,804. ಕೂಡಿದರೆ 10,756, ಅದನ್ನೇ ಮೇಲಕ್ಕೆ ಸರಿಸಿ 11,000 ಎಂದು ಅಚ್ಚು ಹಾಕುತ್ತಾರೆ. ಆದರೆ ಒಂದು ಫೋನು ಒಂದು ಹೊತ್ತಿಗೆ ಸಾಮಾನ್ಯವಾಗಿ ಮಾತಾಡುವುದು ಒಂದೇ ರೇಡಿಯೋದ ಜೊತೆ. ಫೋನಿನೊಳಗೆ ಇರುವುದು ಹೆಚ್ಚೆಂದರೆ ಎರಡು ಆಂಟೆನಾ. ವೈಫೈ 6 ಇರುವ ಹೆಚ್ಚಿನ ಫೋನುಗಳಿಗೆ ಕಾಗದದ ಮೇಲಿನ ಮಿತಿಯೇ 1,201 ಎಂಬಿಪಿಎಸ್. ಅದೂ ಒಂದೇ ಕೋಣೆಯಲ್ಲಿ, ಎದುರುಬದುರು ಇದ್ದರೆ. ಇಷ್ಟರ ಮೇಲೆ ನಮ್ಮ ಮನೆಗೆ ಬರುವ ಫೈಬರ್ ಪ್ಲಾನು 100 ಎಂಬಿಪಿಎಸ್‌ನದು. ಒಂದಿಂಚು ನೀರಿನ ಬೋರ್‌ವೆಲ್‌ಗೆ ಹತ್ತು ಎಚ್‌ಪಿ ಪಂಪು ಇಳಿಸಿದಂತೆ. ತೋಟದವನಾಗಿ ಇದು ನನಗೆ ಮೊದಲೇ ಹೊಳೆಯಬೇಕಿತ್ತು.

ಹೊಸ ರೂಟರ್ ಚಾವಡಿಗೆ ಬಂದ ಮೇಲೆ ತಮ್ಮನ ಕೋಣೆಯಲ್ಲಿ ವೇಗ 6ರಿಂದ 18ಕ್ಕೆ ಏರಿತು. ಮೂರು ಪಟ್ಟು. ಆದರೂ ಮೀಟಿಂಗಿನ ನಡುವೆ ಅವನ ಧ್ವನಿ ಕತ್ತರಿಸಿ ಹೋಗುವುದು ನಿಲ್ಲಲಿಲ್ಲ. ನೆಟ್‌ಫ್ಲಿಕ್ಸ್ ತನ್ನ 4ಕೆ ಚಿತ್ರಕ್ಕೆ ಸಾಕೆಂದು ಹೇಳುವುದೇ 15 ಎಂಬಿಪಿಎಸ್. ಹಾಗಿರುವಾಗ 18ರಲ್ಲಿ ಒಂದು ಮೀಟಿಂಗ್ ಯಾಕೆ ನಡೆಯುವುದಿಲ್ಲ?

ಕಾರಣ ಸರಳ, ಅಂಗಡಿಯಲ್ಲಿ ಮಾತ್ರ ಯಾರೂ ಹೇಳುವುದಿಲ್ಲ. ವೈಫೈ ಎರಡು ಕಡೆಯ ಮಾತುಕತೆ. ದುಬಾರಿ ರೂಟರ್ ಕಾನೂನು ಒಪ್ಪುವಷ್ಟು ಗಟ್ಟಿಯಾಗಿ ಕೂಗುತ್ತದೆ. ಆದರೆ ಉತ್ತರ ಕೊಡಬೇಕಾದದ್ದು ಬ್ಯಾಟರಿಯಲ್ಲಿ ನಡೆಯುವ ಲ್ಯಾಪ್‌ಟಾಪು ಅಥವಾ ಫೋನು. ಅದರ ಗಂಟಲು ಸಣ್ಣದು. ತೋಟದ ಆಚೆ ತಲೆಯಿಂದ ಕೂಗಿದ್ದು ನಮಗೆ ಕೇಳುತ್ತದೆ, ನಾವು ಓಗೊಟ್ಟದ್ದು ಅವರಿಗೆ ಕೇಳುವುದಿಲ್ಲ. ಫೋನಿನಲ್ಲಿ ನಾಲ್ಕು ಗೆರೆ ತುಂಬಿ ತೋರಿಸುತ್ತಿದ್ದದ್ದು ಈ ಒಂದು ಕಡೆಯ ಕೂಗು. ಸಿಗ್ನಲ್ ಉಂಟು, ನೆಟ್ ಇಲ್ಲ ಎಂದು ತಮ್ಮ ಹೇಳುತ್ತಿದ್ದ ಮಾತು ಅಕ್ಷರಶಃ ನಿಜವಾಗಿತ್ತು. ಎಂಟು ಆಂಟೆನಾಗಳು ಕಿವಿಯನ್ನು ಸ್ವಲ್ಪ ಚುರುಕು ಮಾಡುತ್ತವೆ, ಸುಳ್ಳಲ್ಲ. ಆದರೆ ತೇವ ಕುಡಿದ ಮೂರು ಕೆಂಪುಕಲ್ಲಿನ ಗೋಡೆಗಳ ಎದುರು ಅದು ಸಾಲದು. ಆಟಿ ತಿಂಗಳ ಮಳೆಯಲ್ಲಿ ಗೋಡೆ ನೀರು ಹೀರಿ ನಿಂತಾಗಂತೂ 5 ಗಿಗಾಹರ್ಟ್ಸ್ ಅತ್ತ ಸುಳಿಯುವುದೇ ಇಲ್ಲ. ಗೋಡೆ ದಾಟುವುದರಲ್ಲಿ ಅದಕ್ಕಿಂತ ಮೇಲಾದ 2.4ರಲ್ಲಿ ವೇಗ ಕಡಿಮೆ.

ವಾಪಸ್ ಕೊಡಲು ಹತ್ತು ದಿನದ ಗಡುವಿತ್ತು. ಆ ಹತ್ತು ದಿನ ತಮ್ಮ ರಜೆಯಲ್ಲಿದ್ದ; ನಾನು ಚಾವಡಿಯಲ್ಲೇ ಕುಳಿತು ವೇಗ ಅಳೆದು ಸಂತೋಷಪಟ್ಟೆ. ನೀವು ಕೊಳ್ಳುವುದಾದರೆ ಪೆಟ್ಟಿಗೆ ಬಂದ ದಿನವೇ, ಮನೆಯ ಅತಿ ಕೆಟ್ಟ ಮೂಲೆಯಲ್ಲಿ, ನಿಜವಾದ ಒಂದು ವಿಡಿಯೋ ಕಾಲ್ ಮಾಡಿ ನೋಡಿ. ಹತ್ತಿರದ ಕೋಣೆಯಲ್ಲಿ ಎಲ್ಲ ರೂಟರೂ ಒಳ್ಳೆಯದೇ.

ಆ ವರ್ಷದ ದೀಪಾವಳಿಗೆ ಮನೆಯ ವಯರಿಂಗ್ ರಿಪೇರಿಗೆ ಬಂದಿದ್ದ ಹುಡುಗ ನಮ್ಮ ಕತೆ ಕೇಳಿ, "ಅಣ್ಣಾ, ಒಂದು ವಯರ್ ಎಳ್ದರೆ ಆಯ್ತಲ್ಲ, ಅದಕ್ಕೆ ಯಾಕೆ ಇಷ್ಟು ತಲೆಬಿಸಿ?" ಎಂದ. ಮಾಡಿನ ಅಡಿಯಲ್ಲಿ, ಪಕ್ಕಾಸಿಗೆ ತಾಗಿಸಿ, 30 ಮೀಟರ್ ಕ್ಯಾಟ್ 6 ಕೇಬಲ್ ಎಳೆದ. ಮೀಟರಿಗೆ 25ರಂತೆ 750 ರೂಪಾಯಿ. ಮೇಲಿನ ಕೋಣೆಗೆ ಒಂದು ಸಾಧಾರಣ ಆಕ್ಸೆಸ್ ಪಾಯಿಂಟ್, 2,800. ಅವನ ಕೂಲಿ 600. ಒಟ್ಟು 4,150 ರೂಪಾಯಿ. ತಮ್ಮನ ಮೇಜಿನ ಮೇಲೆ ವೇಗ 92 ತೋರಿಸಿತು. ಮೀಟಿಂಗ್ ಕತ್ತರಿಸುವುದು ಅಂದಿಗೆ ನಿಂತಿತು. ಈ ಕೇಬಲ್ ನೂರು ಮೀಟರ್ ತನಕ ವೇಗ ಕಳೆದುಕೊಳ್ಳದೆ ಸಾಗಿಸುತ್ತದೆ. ಅದಕ್ಕೆ ಗೋಡೆಯೂ ಇಲ್ಲ, ಮಳೆಯೂ ಇಲ್ಲ.

ಅಲ್ಲಿಂದ ಮುಂದೆ ಒಂದು ವರ್ಷ ಆ ದೊಡ್ಡ ರೂಟರ್ ಚಾವಡಿಯಲ್ಲಿ ಸುಮ್ಮನೆ ಕರೆಂಟು ತಿನ್ನುತ್ತ ಕೂತಿತ್ತು. ಮೀಟರ್ ಹಾಕಿ ನೋಡಿದೆ: ಸುಮಾರು 20 ವಾಟ್. ದಿನವಿಡೀ ಉರಿಯುವ ವಸ್ತುವಾದ್ದರಿಂದ ವರ್ಷಕ್ಕೆ 175 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ ಸಾವಿರ ದಾಟುತ್ತದೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಮಿತಿಯ ಅಂಚಿನಲ್ಲಿರುವ ಮನೆಗೆ ತಿಂಗಳಿಗೆ ಆ ಹದಿನಾಲ್ಕು ಯೂನಿಟ್ಟೂ ಲೆಕ್ಕಕ್ಕೆ ಬರುತ್ತದೆ. ಇನ್ನೊಂದು ತೊಡಕು ಕರೆಂಟು ಹೋದಾಗಿನದು. ಸಾವಿರ, ಒಂದೂವರೆ ಸಾವಿರಕ್ಕೆ ಸಿಗುವ ಪುಟ್ಟ ಯುಪಿಎಸ್‌ಗಳು 12 ವೋಲ್ಟ್, 2 ಆಂಪಿಯರ್ ಕೊಡುತ್ತವೆ. ಸಾಧಾರಣ ರೂಟರಿಗೆ ಅದು ಧಾರಾಳ. ದೊಡ್ಡದಕ್ಕೆ, ಒಮ್ಮೊಮ್ಮೆ ಸರಾಸರಿಗಿಂತ ಹೆಚ್ಚು ಬೇಕಾಗುವುದರಿಂದ, ಸಾಲದು. ಮಳೆಗಾಲದಲ್ಲಿ ದಿನಕ್ಕೆ ಐದಾರು ಸಲ ಕರೆಂಟು ಹೋಗಿ ಬರುವ ನಮ್ಮ ಊರಿನಲ್ಲಿ ಇದು ಸಣ್ಣ ಮಾತಲ್ಲ.

ಇನ್ನು ಸಿಡಿಲು. ದಕ್ಷಿಣ ಕನ್ನಡದಲ್ಲಿ ಏಪ್ರಿಲ್, ಮೇ ಮತ್ತೆ ಅಕ್ಟೋಬರ್ ಎಂದರೆ ಏನೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಲ್ಯಾಂಡ್‌ಲೈನಿನ ತಾಮ್ರದ ತಂತಿಯಲ್ಲಿ ಇಂಟರ್ನೆಟ್ ಬರುತ್ತಿದ್ದ ಕಾಲದಲ್ಲಿ ಪ್ರತಿ ವರ್ಷ ಒಂದು ಮೋಡೆಮ್ ಸುಡುವುದು ಹರಕೆಯಂತೆ ಆಗಿಹೋಗಿತ್ತು. ಫೈಬರ್ ಬಂದ ಮೇಲೆ ಆ ದಾರಿ ಮುಚ್ಚಿತು, ಬೆಳಕು ಸಾಗುವ ಗಾಜಿನ ಎಳೆಯಲ್ಲಿ ಕರೆಂಟು ಹರಿಯದು. ಆದರೆ ಅಡಾಪ್ಟರ್ ಇರುವ ಪ್ಲಗ್ಗಿನ ದಾರಿ ತೆರೆದೇ ಇದೆ. ರೂಟರ್ ಸುಟ್ಟ ಆ ಸಂಜೆ ನಾನು ಪೇಟೆಯಲ್ಲಿದ್ದೆ. ಅಮ್ಮ ಟಿವಿಯ ಪ್ಲಗ್ ತೆಗೆದರು. ಚಾವಡಿಯ ಕಪಾಟಿನ ಹಿಂದೆ ಸಿಕ್ಕಿಕೊಂಡಿದ್ದ ರೂಟರಿನ ಪ್ಲಗ್ ಕೈಗೆ ಎಟುಕಲಿಲ್ಲ. ವಾರಂಟಿ ಮೂರು ವರ್ಷದ್ದಿತ್ತು. ಸಿಡಿಲಿನ ಹಾನಿ ಅದರಲ್ಲಿ ಸೇರುವುದಿಲ್ಲ ಎಂದು ವಾರಂಟಿ ಕಾಗದದ ಸಣ್ಣ ಅಕ್ಷರಗಳಲ್ಲಿ ಬರೆದೇ ಇತ್ತು. ಅಷ್ಟು ದುಡ್ಡು ತೆರುವಾಗ ಅದನ್ನು ಓದುವುದು ನನ್ನ ಕೆಲಸವಾಗಿತ್ತು.

ಆದ್ದರಿಂದ ನಮ್ಮ ಕಡೆ ರೂಟರಿನ ಬೆಲೆಯನ್ನು ಐದು ವರ್ಷಕ್ಕೆ ಹಂಚಿ ನೋಡುವ ಲೆಕ್ಕ ನಡೆಯುವುದಿಲ್ಲ. ಎರಡು ವರ್ಷಕ್ಕೆ ಹಂಚಿ. 32,000ದ ಪೆಟ್ಟಿಗೆ ವರ್ಷಕ್ಕೆ 16,000 ಆಗುತ್ತದೆ, 2,800ರದ್ದು 1,400. ಉಳಿದ ದುಡ್ಡಿನಲ್ಲಿ ಒಂದು ಭಾಗವನ್ನು ಮನೆಯ ಅರ್ತಿಂಗ್ ಸರಿಮಾಡಲು ಹಾಕಿ. ಅದು ರೂಟರಿಗೆ ಮಾತ್ರವಲ್ಲ, ಫ್ರಿಜ್ಜಿಗೂ ಪಂಪಿಗೂ ಮನೆಯ ಜನರಿಗೂ ಆಗಿಬರುವ ಖರ್ಚು. ಹಾಗೆಯೇ ಒಂದು ಎಚ್ಚರಿಕೆ: ಮನೆಯಿಂದ ಕೊಟ್ಟಿಗೆಗೋ ಪಂಪುಶೆಡ್ಡಿಗೋ ಬಯಲಿನಲ್ಲಿ ತಾಮ್ರದ ಕೇಬಲ್ ಎಳೆಯಬೇಡಿ. ಅದು ಸಿಡಿಲನ್ನು ಮನೆಯೊಳಗೆ ಕರೆದಂತೆ. ಅಲ್ಲಿಗೂ ಫೈಬರನ್ನೇ ಎಳೆಸಿ.

ಹಾಗಾದರೆ ದುಬಾರಿ ರೂಟರ್ ಯಾರಿಗೂ ಬೇಡವೇ? ಬೇಕು. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿರುವ ನನ್ನ ಚಿಕ್ಕಮ್ಮನ ಮಗನದು ವಿಡಿಯೋ ಎಡಿಟಿಂಗ್ ಕೆಲಸ. ಮನೆಯಲ್ಲೇ ಒಂದು ಸ್ಟೋರೇಜ್ ಪೆಟ್ಟಿಗೆ ಇಟ್ಟುಕೊಂಡು ಅದರಿಂದ ಕಂಪ್ಯೂಟರಿಗೆ 200 ಜಿಬಿ ಒಂದೇ ಸಲಕ್ಕೆ ಎಳೆಯುತ್ತಾನೆ. 300 ಎಂಬಿಪಿಎಸ್ ವೈಫೈಯಲ್ಲಿ ಅದಕ್ಕೆ ಸುಮಾರು ಒಂದೂವರೆ ಗಂಟೆ. ಒಂದು ಗಿಗಾಬಿಟ್ ಕೇಬಲಿನಲ್ಲಿ 27 ನಿಮಿಷ. 2.5 ಗಿಗಾಬಿಟ್ ಪೋರ್ಟುಗಳಿರುವ ರೂಟರ್ ಬಂದ ಮೇಲೆ 11 ನಿಮಿಷದ ಹತ್ತಿರಕ್ಕೆ ಇಳಿಯಿತು. ದಿನಕ್ಕೆ ಎರಡು ಸಲ ಈ ಕೆಲಸ ಮಾಡುವವನಿಗೆ ಉಳಿದ ಸಮಯವೇ ಆದಾಯ. ಅವನ 24,000 ರೂಪಾಯಿ ಆರು ತಿಂಗಳಲ್ಲಿ ವಾಪಸ್ ಬಂದಿದೆ ಎಂದು ಅವನೇ ಲೆಕ್ಕ ಕೊಟ್ಟ. ಗಮನಿಸಿ, ಅವನು ದುಡ್ಡು ಕೊಟ್ಟದ್ದು ವಯರಿನ ಪೋರ್ಟಿಗೆ, ಆಂಟೆನಾಕ್ಕಲ್ಲ.

ಅಮೆರಿಕದಲ್ಲಿರುವ ಮಕ್ಕಳು ರಜೆಗೆ ಬರುವಾಗ ಒಳ್ಳೆಯ ರೂಟರ್ ತರುತ್ತೇವೆ ಎನ್ನುವುದು ನಮ್ಮ ಕಡೆ ಸಾಮಾನ್ಯ. ಅಕ್ಕರೆಯ ಮಾತು, ಆದರೆ ಬೇಡ ಎನ್ನಿ. ಅಲ್ಲಿ 2020ರಲ್ಲೇ 6 ಗಿಗಾಹರ್ಟ್ಸ್ ಪಟ್ಟಿಯ 1,200 ಮೆಗಾಹರ್ಟ್ಸ್ ಭಾಗವನ್ನು ವೈಫೈಗೆ ಬಿಟ್ಟಿದ್ದಾರೆ. ಭಾರತದಲ್ಲಿ ಅದರ ಕೆಳಗಿನ 500 ಮೆಗಾಹರ್ಟ್ಸ್ ಅನ್ನು ಪರವಾನಗಿಯಿಂದ ಮುಕ್ತಗೊಳಿಸುವ ಕರಡು ನಿಯಮವನ್ನು ದೂರಸಂಪರ್ಕ ಇಲಾಖೆ ಹೊರಡಿಸಿದ್ದೇ 2025ರ ಮೇಯಲ್ಲಿ. ಅಲ್ಲಿಯ ಪೆಟ್ಟಿಗೆ ಅಲ್ಲಿಯ ಕಾನೂನಿಗೆ ಹೊಂದಿಸಿದ್ದು. ವಾರಂಟಿಯೂ ಸಾಮಾನ್ಯವಾಗಿ ಅಲ್ಲಿಗೇ. ಇಲ್ಲಿ ವೈಫೈ 7 ಎಂದು ಮಾರುವುದರಲ್ಲೂ ಎಷ್ಟೋ ಮಾದರಿಗಳಲ್ಲಿ 6 ಗಿಗಾಹರ್ಟ್ಸ್ ರೇಡಿಯೋವೇ ಇರುವುದಿಲ್ಲ. ವೈಫೈ 7ರ ಹೆಸರು ಮಾಡಿದ 320 ಮೆಗಾಹರ್ಟ್ಸ್ ಅಗಲದ ಚಾನೆಲ್ ನಡೆಯುವುದು ಆ ಪಟ್ಟಿಯಲ್ಲಿ ಮಾತ್ರ. 500ರೊಳಗೆ ಅಂಥದ್ದು ಒಂದೇ ಒಂದು ಹಿಡಿಯುತ್ತದೆ. ಹೆಸರಿನ ಸಂಖ್ಯೆಯನ್ನು ಬಿಟ್ಟು ಒಳಗಿನ ರೇಡಿಯೋಗಳ ಪಟ್ಟಿ ಓದಿ.

ಬೆಲೆ ಯಾವುದೇ ಇರಲಿ, ನಾನು ಈಗ ಹಟ ಹಿಡಿದು ಕೇಳುವುದು ಸಾಫ್ಟ್‌ವೇರ್ ಅಪ್‌ಡೇಟ್ ಎಷ್ಟು ವರ್ಷ ಸಿಗುತ್ತದೆ ಎಂದು. 2018ರ ಮೇಯಲ್ಲಿ ವಿಪಿಎನ್‌ಫಿಲ್ಟರ್ ಎಂಬ ಕುತಂತ್ರಾಂಶ 54 ದೇಶಗಳಲ್ಲಿ ಕನಿಷ್ಠ ಐದು ಲಕ್ಷ ಸಾಧನಗಳೊಳಗೆ ಸೇರಿದ್ದು ಬಯಲಾಗಿತ್ತು. ಹೆಚ್ಚಿನವು ಮನೆ ಮತ್ತು ಸಣ್ಣ ಕಚೇರಿಗಳ ರೂಟರುಗಳು. ಬ್ಯಾಂಕಿನ ಕೆಲಸವೆಲ್ಲ ಅದರ ಮೂಲಕವೇ ಹೋಗುವಾಗ ಮೂರು ವರ್ಷದಿಂದ ಅಪ್‌ಡೇಟ್ ಕಾಣದ ಪೆಟ್ಟಿಗೆ, ಅದು 30,000ದ್ದಾದರೂ, ನನಗೆ ಬೇಡ.

ಈಗ ನಮ್ಮ ಚಾವಡಿಯಲ್ಲಿ ಫೈಬರಿನವರ ಬಿಳಿ ಪೆಟ್ಟಿಗೆಯೇ ಮತ್ತೆ ಕೆಲಸ ಮಾಡುತ್ತಿದೆ. ಉಪ್ಪರಿಗೆಯಲ್ಲೊಂದು, ಅಡುಗೆಮನೆಯ ಪಕ್ಕದಲ್ಲೊಂದು ಆಕ್ಸೆಸ್ ಪಾಯಿಂಟ್. ಎಲ್ಲದರ ಪ್ಲಗ್ಗೂ ಅಮ್ಮನ ಕೈಗೆ ಎಟುಕುವ ಎತ್ತರದಲ್ಲಿ. ಪತ್ತಿನ ಸಂಘದಲ್ಲಿ ತಿಂಗಳಿಗೆ 200 ರೂಪಾಯಿಯ ಒಂದು ಆರ್‌ಡಿ ಇಟ್ಟಿದ್ದೇನೆ, ಸಿಡಿಲಿಗೆಂದೇ. ಕಳೆದ ಏಪ್ರಿಲಿನಲ್ಲಿ ನಡುರಾತ್ರಿಯ ಒಂದು ಸಿಡಿಲಿಗೆ ಉಪ್ಪರಿಗೆಯದು ಹೋಯಿತು. ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಪುತ್ತೂರಿಗೆ ಹೋಗಿ ಅದೇ ಮಾದರಿಯ ಇನ್ನೊಂದನ್ನು ತಂದೆ. ತಮ್ಮನ ಹನ್ನೊಂದು ಗಂಟೆಯ ಮೀಟಿಂಗಿಗೆ ಇನ್ನೂ ಇಪ್ಪತ್ತು ನಿಮಿಷ ಇತ್ತು.