ಪೆರ್ಡೂರಿನ ಲೋಲಕವೂ ಪುಸ್ತಕದ ಉತ್ತರವೂ

ಪೆರ್ಡೂರಿನಿಂದ ಉಡುಪಿಗೆ ಬಂದು ಬಿ.ಎಸ್‌ಸಿ. ತರಗತಿಯಲ್ಲಿ ಭೌತಶಾಸ್ತ್ರವನ್ನು ಆರಿಸಿಕೊಂಡ ವಿದ್ಯಾರ್ಥಿಯು ಪ್ರಯೋಗಶಾಲೆಯಲ್ಲಿ ಮೊದಮೊದಲು ಕೈಗೆತ್ತಿಕೊಳ್ಳುವುದು ಲೋಲಕವನ್ನು. ದಾರದ ಉದ್ದವನ್ನಳೆದು, ಐವತ್ತು ಆಂದೋಲನಗಳ ಕಾಲವನ್ನು ಗುರುತಿಸಿ, ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯಬೇಕು. ಉತ್ತರವು ಸೆಕೆಂಡಿಗೆ ಸೆಕೆಂಡಿಗೆ 978 ಸೆಂಟಿಮೀಟರ್ ಎಂದು ಬಂದಿತೆನ್ನಿ. ಪುಸ್ತಕದಲ್ಲಿರುವುದೋ 981. ಆತನು ಅತ್ತಿತ್ತ ನೋಡಿ, ಬರೆದ ಕಾಲವನ್ನು ಅಳಿಸಿ ತಿದ್ದುತ್ತಾನೆ. ವಿದ್ಯಾರ್ಥಿದೆಸೆಯಲ್ಲಿ ನಾವೂ ಹೀಗೆ ತಿದ್ದಿದವರೇ!

ಆದರೆ 981 ಎಂಬುದು ಲಂಡನ್, ಪ್ಯಾರಿಸ್ಸುಗಳಿಗೆ ಒಪ್ಪುವ ಬೆಲೆ. ಭೂಮಿಯು ತನ್ನ ಅಕ್ಷದ ಮೇಲೆ ತಿರುಗುತ್ತಿರುವುದರಿಂದಲೂ, ನಡುವಿನಲ್ಲಿ ಉಬ್ಬಿರುವುದರಿಂದಲೂ, ಸಮಭಾಜಕವೃತ್ತದ ಕಡೆಗೆ ಹೋದಂತೆ ಈ ಬೆಲೆ ಇಳಿಯುತ್ತದೆ. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಪೆರ್ಡೂರು, ಉಡುಪಿಗಳಲ್ಲಿ ಅದು ಸುಮಾರು 978.3. ಹುಡುಗನು ಅಳಿಸಿದುದು ತನ್ನ ಊರಿನ ಸತ್ಯವನ್ನೇ!

1672ರಲ್ಲಿ ಫ್ರೆಂಚ್ ಖಗೋಳಜ್ಞ ಜಾನ್ ರಿಷೆ ದಕ್ಷಿಣ ಅಮೆರಿಕದ ಕಯೆನ್ನಿಗೆ ಹೋದಾಗ ಇದೇ ಪೇಚು ಎದುರಾಯಿತು. ಪ್ಯಾರಿಸ್ಸಿನಲ್ಲಿ ಸರಿಯಾಗಿದ್ದ ಸೆಕೆಂಡು ಲೋಲಕವು ಅಲ್ಲಿ ನಿಧಾನವಾಗಿ ಆಡಿತು. ಆತನು ಲೆಕ್ಕವನ್ನು ತಿದ್ದಲಿಲ್ಲ. ಲೋಲಕವನ್ನು ಸುಮಾರು 2.8 ಮಿಲಿಮೀಟರ್ ಮೊಟಕುಗೊಳಿಸಬೇಕಾಯಿತೆಂದು ಬರೆದಿಟ್ಟನು. ಭೂಮಿಯು ಧ್ರುವಗಳಲ್ಲಿ ಚಪ್ಪಟೆಯೆಂದು ವಾದಿಸಿದ ನ್ಯೂಟನ್ನನಿಗೆ ಅದೊಂದು ಆಧಾರವಾಯಿತು.

ಇನ್ನೊಂದು ಮಾತನ್ನು ಮುಚ್ಚಿಡಲಾಗದು. ನೂರು ಸೆಕೆಂಡುಗಳ ಎಣಿಕೆಯಲ್ಲಿ 0.1 ಸೆಕೆಂಡು ತಪ್ಪಿದರೆ ಉತ್ತರವು ಸುಮಾರು 2 ಸೆಂಟಿಮೀಟರಿನಷ್ಟು ಸರಿಯುತ್ತದೆ. ಆದುದರಿಂದ ಒಮ್ಮೆ ಬಂದ 978 ಬರಿಯ ಆಕಸ್ಮಿಕವೂ ಆಗಿರಬಹುದು. ಇನ್ನೂರು ಆಂದೋಲನಗಳನ್ನು ಎಣಿಸಿರಿ, ಮತ್ತೊಮ್ಮೆ ಎಣಿಸಿರಿ, ಉತ್ತರದ ಪಕ್ಕದಲ್ಲಿ ದೋಷದ ಪ್ರಮಾಣವನ್ನೂ ಬರೆಯಿರಿ. ಉದ್ದವನ್ನು ಗುಂಡಿನ ಕೇಂದ್ರದವರೆಗೆ ಅಳೆಯಬೇಕು. ಒಂದು ಮೀಟರ್ ದಾರದಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ ಉತ್ತರದಲ್ಲಿ ಸುಮಾರು ಒಂದು ಸೆಂಟಿಮೀಟರ್ ತಪ್ಪುತ್ತದೆ.