ಸ್ಥಳ: ನೋಯ್ಡಾ

ಹಾನಗಲ್ಲಿನ ನನ್ನ ತಂಗಿಯ ಮಗಳು ಬಿ.ಕಾಂ. ಮುಗಿಸಿದ್ದಾಳೆ. ಹುಬ್ಬಳ್ಳಿ ದಾಟಿ ಒಬ್ಬಳೇ ಎಲ್ಲಿಗೂ ಹೋದವಳಲ್ಲ. ಅವಳ ಹೆಸರಿನಲ್ಲಿ ಬೇರೆಯವರು ಬರೆದುಕೊಟ್ಟ ಎರಡು ಪುಟದ ರೆಸ್ಯೂಮೆಯ ಕೊನೆಯಲ್ಲಿ ‘ಮೇಲಿನ ವಿವರಗಳೆಲ್ಲ ನಿಜ’ ಎಂಬ ಘೋಷಣೆ ಇತ್ತು, ಅದರ ಕೆಳಗೆ ‘ಸ್ಥಳ: ನೋಯ್ಡಾ’ ಎಂದಿತ್ತು. ಮೊದಲ ಪುಟದಲ್ಲಿ ಅವಳಿಗೆ ಮೂರು ವರ್ಷ ತಂಡ ನಡೆಸಿದ ಅನುಭವ. ಬಲ್ಲ ಭಾಷೆಗಳು ಇಂಗ್ಲಿಷ್, ಹಿಂದಿ, ಪಂಜಾಬಿ. ಕನ್ನಡ ಇರಲೇ ಇಲ್ಲ.

ಇದಕ್ಕೆ ಕೊಟ್ಟದ್ದು 14,500 ರೂಪಾಯಿ. ಗೋವಿನಜೋಳ ಮಾರಿ ಬಂದ ರೊಕ್ಕದಲ್ಲಿ ಭಾವ ಫೋನ್‌ಪೇ ಮಾಡಿದ್ದರು. ಒಂದು ಕಂಪನಿಯ ‘ಕರಿಯರ್ ಕೋಚ್’ ಎಂದು ಪರಿಚಯಿಸಿಕೊಂಡ ಹೆಣ್ಣುಮಗಳು ವಾಟ್ಸಾಪಿನಲ್ಲಿ ಬರೆದದ್ದು ಇಷ್ಟು: ರೆಸ್ಯೂಮೆ ತಯಾರಿ, ವಿಡಿಯೋದಲ್ಲಿ ಆರು ತರಬೇತಿ, 60 ದಿನದೊಳಗೆ ಕನಿಷ್ಠ ಐದು ಸಂದರ್ಶನ ಗ್ಯಾರಂಟಿ. ನಡೆದದ್ದು ಹದಿನೈದು ನಿಮಿಷದ ಎರಡು ಮಾತುಕತೆ, ಆಮೇಲೆ ‘ನಿಮ್ಮ ಸಲಹೆಗಾರರು ಬದಲಾಗಿದ್ದಾರೆ’ ಎಂಬ ಸಂದೇಶ, ಆಮೇಲೆ ಏನೂ ಇಲ್ಲ.

“ಮಾಮಾ, ರೊಕ್ಕಾ ವಾಪಸ್ ಬರತಾವೇನು?” ಎಂದು ನಾನು ವಕೀಲಿ ಮಾಡುವ ಹಾವೇರಿಗೆ ಬಂದಳು. ಗ್ರಾಹಕ ಆಯೋಗಕ್ಕೆ ಕೊಡುವ ದೂರನ್ನು ತಾನೇ ಬರೆದುಕೊಂಡು ಬಂದಿದ್ದಳು. ಮೊದಲ ಸಾಲು: ‘ನನಗೆ ನೌಕರಿ ಸಿಗಲಿಲ್ಲ.’ ಪೆನ್ನು ತಗೊಂಡು ಮೊದಲು ಆ ಸಾಲಿಗೇ ಕಾಟು ಹಾಕಿದೆ. ಅವಳ ಮುಖ ಸಣ್ಣದಾಯಿತು. “ಅದ ಅಲ್ಲೇನ್ ಮಾಮಾ ಮುಖ್ಯ?”

ಅವಳಿಗೆ ಅದೇ ಮುಖ್ಯ, ಸರಿ. ಆದರೆ ಗ್ರಾಹಕ ಆಯೋಗ ಅದನ್ನು ನೋಡುವುದಿಲ್ಲ. ನೌಕರಿ ಕೊಡುವವನು ಬೇರೆ, ದಾರಿ ತೋರಿಸುತ್ತೇನೆಂದು ದುಡ್ಡು ತಗೊಂಡವನು ಬೇರೆ. ನೌಕರಿ ಸಿಗದಿದ್ದರೆ ಕೋಚನ ತಪ್ಪು ಅಂತ ಯಾವ ಕಾಯ್ದೆಯೂ ಹೇಳುವುದಿಲ್ಲ. ಆರು ತರಬೇತಿ ಎಂದು ಎರಡಕ್ಕೆ ಕೈತೊಳೆದುಕೊಂಡದ್ದು, ಐದು ಸಂದರ್ಶನ ಗ್ಯಾರಂಟಿ ಎಂದು ಒಂದನ್ನೂ ಕೊಡಿಸದ್ದು, ಇನ್ಯಾರದೋ ರೆಸ್ಯೂಮೆಗೆ ಅವಳ ಹೆಸರು ಅಂಟಿಸಿದ್ದು, ಇವು ಮಾತ್ರ ತಪ್ಪು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಲ್ಲಿ ಇದಕ್ಕೆ ಸೇವಾ ನ್ಯೂನತೆ ಎನ್ನುತ್ತಾರೆ. ಗ್ರಾಹಕನಿಗೆ ತಿಳಿಸಬೇಕಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಟ್ಟರೆ ಅದೂ ಇದರಲ್ಲೇ ಬರುತ್ತದೆ.

ಹೋಲಿಕೆಗೆ 2024ರ ಬೆಂಗಳೂರಿನ ಒಂದು ಪ್ರಕರಣವಿದೆ, ಕೇಳಿದವರು ನಗುತ್ತಾರೆ. ಮಗನಿಗೆ 45 ದಿನದಲ್ಲಿ ಹೆಣ್ಣು ಹುಡುಕಿಕೊಡುತ್ತೇವೆಂದು ಒಂದು ವಧೂವರ ಜಾಲತಾಣ ತಂದೆಯಿಂದ 30,000 ರೂಪಾಯಿ ತಗೊಂಡಿತ್ತು. ಹೆಣ್ಣು ಸಿಗಲಿಲ್ಲ. ರೊಕ್ಕ ಕೇಳಲು ಹೋದಾಗ ಸರಿಯಾದ ಉತ್ತರವೂ ಸಿಗಲಿಲ್ಲ. ಗ್ರಾಹಕ ಆಯೋಗ ಆ 30,000 ಮರಳಿಸಲು ಹೇಳಿ, ಅದರ ಮೇಲೆ ಸೇವಾ ನ್ಯೂನತೆಗೆ 20,000, ಮಾನಸಿಕ ಯಾತನೆಗೆ 5,000, ಖರ್ಚಿಗೆ 5,000 ಕೊಡಿಸಿತು. ಮದುವೆ ಮಾಡಿಸಿಲ್ಲವೆಂದು ಆ ಆದೇಶ ಬರಲಿಲ್ಲ, ಆಡಿದ ಮಾತಿಗೆ ತಪ್ಪಿದ್ದಕ್ಕೆ ಬಂತು. ಹೆಣ್ಣಿನ ಜಾಗದಲ್ಲಿ ನೌಕರಿ ಇಟ್ಟು ನೋಡಿ.

‘ಇದು ವಿದ್ಯೆಯ ವಿಷಯ, ಗ್ರಾಹಕ ಆಯೋಗಕ್ಕೆ ಬರುವುದಿಲ್ಲ’ ಎಂದು ಎದುರಿನವರು ವಾದಿಸಬಹುದು. 2020ರ ಜನವರಿ 20ರಂದು ಮನು ಸೋಲಂಕಿ ಪ್ರಕರಣದಲ್ಲಿ ರಾಷ್ಟ್ರೀಯ ಆಯೋಗ ಕಾಲೇಜು, ವಿಶ್ವವಿದ್ಯಾಲಯಗಳನ್ನು ಹೊರಗಿಟ್ಟರೂ ಕೋಚಿಂಗ್ ಸಂಸ್ಥೆಗಳನ್ನು ಒಳಗೇ ಉಳಿಸಿತು. ಅಂದಹಾಗೆ, 2024ರ ಮೇ 14ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ನಮ್ಮಂಥ ವಕೀಲರ ಮೇಲೆ ಗ್ರಾಹಕ ಆಯೋಗಕ್ಕೆ ಹೋಗಲಾಗದು. ನಮಗೆ ವಕೀಲರ ಪರಿಷತ್ತಿನ ಶಿಸ್ತುಕ್ರಮವಾದರೂ ಇದೆ. ಕರಿಯರ್ ಕೋಚ್ ಆಗಲು ಲೈಸೆನ್ಸೂ ಬೇಡ, ಪರಿಷತ್ತೂ ಇಲ್ಲ. ಹಾಗಾಗಿ ಅವರನ್ನು ಕೇಳುವ ಜಾಗ ಬಹುಮಟ್ಟಿಗೆ ಗ್ರಾಹಕ ಆಯೋಗವೇ.

ಭಾವನ ಚಿಂತೆ ಬೇರೆ. “ಕಂಪನಿ ಇರೋದು ದಿಲ್ಲಿ ಕಡೆ. ಅಲ್ಲಿಗೆ ಯಾರು ಓಡಾಡಬೇಕ್ರೀ?” ಯಾರೂ ಹೋಗಬೇಕಿಲ್ಲ. 2020ರ ಜುಲೈ 20ರಿಂದ ಜಾರಿಗೆ ಬಂದ ಈ ಕಾಯ್ದೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 34ನೇ ಕಲಂ: ದೂರುದಾರ ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಯಾವ ತಾಲೂಕಿನವರಿಗಾದರೂ ಆ ಜಾಗ ಹಾವೇರಿಯ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಓಡಾಟವಿನ್ನು ಕಂಪನಿಯ ಪಾಲಿಗೆ. ಹಳೆಯ 1986ರ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ.

ರೊಕ್ಕ ಕೊಟ್ಟವರು ಅಪ್ಪ, ಸೇವೆ ಪಡೆದವಳು ಮಗಳು. ಯಾರು ದೂರು ಕೊಡಬೇಕು? ಕೊಟ್ಟವನೂ ಗ್ರಾಹಕನೇ, ಅವನ ಒಪ್ಪಿಗೆಯಿಂದ ಸೇವೆ ಪಡೆದವಳೂ ಗ್ರಾಹಕಳೇ. ಇಬ್ಬರ ಹೆಸರನ್ನೂ ಹಾಕಿದೆ.

ಆಮೇಲೆ ಕಂಪನಿಯ ಷರತ್ತುಗಳ ಕಡೆ ಬಂದೆವು. ಇರುವೆ ಸಾಲಿನಂಥ ಅಕ್ಷರದಲ್ಲಿ ಎರಡು ಮಾತು: ಒಮ್ಮೆ ಕಟ್ಟಿದ ಶುಲ್ಕ ಯಾವ ಕಾರಣಕ್ಕೂ ಮರಳಿಸಲಾಗದು, ವ್ಯಾಜ್ಯವಿದ್ದರೆ ದೆಹಲಿಯಲ್ಲಿ ಮಧ್ಯಸ್ಥಿಕೆದಾರರ ಮುಂದೆ ಮಾತ್ರ. ಇದನ್ನು ಓದಿ ಅರ್ಧ ಮಂದಿ ಕೈಚೆಲ್ಲುತ್ತಾರೆ. ಎರಡನೆಯದಕ್ಕೆ ಉತ್ತರ 2018ರ ಡಿಸೆಂಬರಿನಲ್ಲೇ ಸಿಕ್ಕಿದೆ. ಒಪ್ಪಂದದಲ್ಲಿ ಮಧ್ಯಸ್ಥಿಕೆಯ ಷರತ್ತಿದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ ಎಂಬ ನಿಲುವು ಎಮಾರ್ ಎಂಜಿಎಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನಲ್ಲಿ ಉಳಿಯಿತು. ಮೊದಲನೆಯದರ ವಿಷಯಕ್ಕೆ ಬಂದರೆ, ನ್ಯೂನತೆಯ ಸೇವೆ ಕೊಟ್ಟು, ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ಹಣ ಮರಳಿಸಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಒಂದು ಎಚ್ಚರಿಕೆ. ‘ಈ ಒಪ್ಪಂದವೇ ಅನ್ಯಾಯದ್ದು’ ಎಂದು ಷರತ್ತನ್ನೇ ರದ್ದುಮಾಡಿಸಲು ಹೊರಟರೆ ಅದು ರಾಜ್ಯ ಆಯೋಗಕ್ಕೆ ಹೋಗುವ ದಾರಿ. 14,500 ರೂಪಾಯಿಗೆ ಆ ದಾರಿ ಯಾಕೆ? ಸೇವಾ ನ್ಯೂನತೆ, ಅನುಚಿತ ವ್ಯಾಪಾರ ಎಂದಷ್ಟೇ ಬರೆದು ಹಾವೇರಿಯಲ್ಲೇ ನಿಲ್ಲುವುದು ಜಾಣತನ.

ರಸೀದಿ ಇಲ್ಲದವರ ಕಥೆ ಬೇರೆ. ಹಿರೇಕೆರೂರಿನ ರೈತರೊಬ್ಬರು ಮಗನ ಸಲುವಾಗಿ ಇಂಥದೇ ಒಬ್ಬ ಸಲಹೆಗಾರನಿಗೆ 8,000 ನಗದು ಕೊಟ್ಟಿದ್ದರು. ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಅವತ್ತು ಬ್ಯಾಂಕಿನಿಂದ ರೊಕ್ಕ ತೆಗೆದದ್ದು ಪಾಸ್‌ಬುಕ್ಕಿನಲ್ಲಿತ್ತು, ಅಷ್ಟೇ. ನಾನು ಮಗನಿಂದ ಒಂದು ಸಂದೇಶ ಕಳಿಸಿದೆ. ಜಗಳದ ಮಾತಿಲ್ಲ, ‘ಸರ್, ಇಂಥ ದಿನ ಅಪ್ಪ 8,000 ಕೊಟ್ಟಿದ್ದರಲ್ಲ, ಅದರ ರಸೀದಿ ಕಳಿಸ್ರಿ’ ಎಂದಷ್ಟೇ. ಹತ್ತು ನಿಮಿಷಕ್ಕೆ ಉತ್ತರ ಬಂತು: ‘ನಾಳೆ ಕಳಿಸ್ತೀವಿ.’ ನಾಳೆ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ಆ ಎರಡು ಪದವೇ ರಸೀದಿಯಾಯಿತು. ಸಿಟ್ಟು ನೆತ್ತಿಗೇರಿದಾಗ ಬೈದು ಬ್ಲಾಕ್ ಮಾಡುವವರಿಗೆ ಇಂಥ ಸಾಕ್ಷಿ ಸಿಗುವುದಿಲ್ಲ.

ವಾಟ್ಸಾಪಿನ ಮಾತುಗಳನ್ನು ಅಳಿಸಬೇಡಿ. ಫೋನು ಬದಲಿಸುವುದಿದ್ದರೆ ಹಳೆಯದನ್ನು ಮಾರಬೇಡಿ. ಸ್ಕ್ರೀನ್‌ಶಾಟಿನಲ್ಲಿ ನಂಬರು, ದಿನಾಂಕ ಕಾಣಬೇಕು. ವಿದ್ಯುನ್ಮಾನ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಒಂದು ಪ್ರಮಾಣಪತ್ರದ ನಮೂನೆ ಇದೆ. ಗ್ರಾಹಕ ಆಯೋಗ ಸಿವಿಲ್ ಕೋರ್ಟಿನಷ್ಟು ಬಿಗಿಯಾಗಿ ಹಿಡಿಯದಿದ್ದರೂ ಅದನ್ನು ಜೊತೆಗಿಟ್ಟರೆ ಎದುರಿನವರ ಒಂದು ತಕರಾರು ಕಡಿಮೆ.

ಇಂಥದೇ ದೂರು ಹೊತ್ತು ಬಂದ ಶಿಗ್ಗಾವಿಯ ಹುಡುಗನೊಬ್ಬ ತಂದದ್ದು ಜಾಹೀರಾತು. ‘ನೂರಕ್ಕೆ ನೂರು ನೌಕರಿ’ ಎಂಬ ದಪ್ಪ ಅಕ್ಷರ, ಸುತ್ತ ಕೆಲಸ ಸಿಕ್ಕವರ ಫೋಟೋಗಳು. ಕಣ್ಣಿಟ್ಟು ನೋಡಿದ್ದು ಅವನೇ: ಒಬ್ಬನೇ ಹುಡುಗ ಎರಡು ಕಡೆ, ಎರಡು ಹೆಸರಿನಲ್ಲಿ. ಇದು ದಾರಿ ತಪ್ಪಿಸುವ ಜಾಹೀರಾತು. ದೂರು ಹೋಗಬೇಕಾದದ್ದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ, ಆದರೆ 17ನೇ ಕಲಂ ಪ್ರಕಾರ ಹಾವೇರಿಯ ಜಿಲ್ಲಾಧಿಕಾರಿಗೆ ಕೊಟ್ಟರೂ ನಡೆಯುತ್ತದೆ. ಇದು ಬಹಳ ಮಂದಿಗೆ ಗೊತ್ತಿಲ್ಲ, ಕೆಲವು ಕಚೇರಿಗಳಿಗೂ ನೆನಪಿಸಬೇಕಾಗುತ್ತದೆ. ದಂಡ 10 ಲಕ್ಷದವರೆಗೆ, ಮತ್ತೆ ಮತ್ತೆ ಮಾಡಿದರೆ 50 ಲಕ್ಷದವರೆಗೆ. 2024ರ ನವೆಂಬರಿನಲ್ಲಿ ಕೋಚಿಂಗ್ ಜಾಹೀರಾತುಗಳಿಗೆಂದೇ ಮಾರ್ಗಸೂಚಿ ಬಂತು. ಅಷ್ಟರೊಳಗೆ ಪ್ರಾಧಿಕಾರ 45 ನೋಟಿಸು ಕೊಟ್ಟು 18 ಕೋಚಿಂಗ್ ಸಂಸ್ಥೆಗಳಿಗೆ 54 ಲಕ್ಷ 60 ಸಾವಿರ ರೂಪಾಯಿ ದಂಡ ಹಾಕಿತ್ತು. ಬರೀ ಸಲಹೆ ಕೊಡುವ ಕೌನ್ಸೆಲಿಂಗ್ ಆ ಮಾರ್ಗಸೂಚಿಯ ಹೊರಗಿದೆ, ಆದರೆ ಕಾಯ್ದೆಯ ಹೊರಗಿಲ್ಲ. ಇನ್ನೊಂದು ನೆನಪಿರಲಿ, ಆ ದಂಡದ ಹಣ ನಿಮ್ಮ ಜೇಬಿಗೆ ಬರುವುದಿಲ್ಲ. ನಿಮ್ಮ ರೊಕ್ಕಕ್ಕೆ ಆಯೋಗವೇ ಗತಿ.

ಸವಣೂರಿನಿಂದ ಬಂದ ಇನ್ನೊಬ್ಬ ಹುಡುಗನದ್ದು ಈ ಜಾತಿಯದಲ್ಲ. ರೆಸ್ಯೂಮೆ ಚಂದ ಮಾಡಿಕೊಡುತ್ತೇವೆಂದು 500 ರೂಪಾಯಿಯಿಂದ ಶುರುವಾಗಿ, ವಿಮಾನ ನಿಲ್ದಾಣದಲ್ಲಿ ಕೆಲಸ ಖಾತ್ರಿ ಎಂದು ನೇಮಕಾತಿ ಪತ್ರ ಬಂತು, ಸಮವಸ್ತ್ರಕ್ಕೆ, ಲ್ಯಾಪ್‌ಟಾಪಿನ ಠೇವಣಿಗೆ ಎಂದು 22,000 ಹೋಯಿತು, ಕೊನೆಗೆ ಫೋನ್ ಸ್ವಿಚ್ಡ್ ಆಫ್. ಇಲ್ಲಿ ಸೇವೆಯೇ ಇಲ್ಲ, ಇನ್ನು ನ್ಯೂನತೆ ಎಲ್ಲಿಯದು? ಶುರುವಿನಿಂದಲೇ ಮೋಸದ ಉದ್ದೇಶ. ಇದು ಭಾರತೀಯ ನ್ಯಾಯ ಸಂಹಿತೆಯ 318(4)ನೇ ಕಲಮಿನ ವಂಚನೆ, ಏಳು ವರ್ಷದವರೆಗೆ ಶಿಕ್ಷೆ. ಕೂಡಲೇ 1930ಕ್ಕೆ ಫೋನ್ ಮಾಡಬೇಕು. ರೊಕ್ಕ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮೊದಲೇ ತಡೆಯಲು ಸಾಧ್ಯವಾಗುವುದು ಮೊದಲ ಕೆಲವು ತಾಸುಗಳಲ್ಲಿ. ಅವನು ನಾಚಿಕೊಂಡು ಹನ್ನೊಂದು ದಿನ ಮನೆಯಲ್ಲಿ ಹೇಳಿರಲಿಲ್ಲ. ದೂರು ಯಾವ ಠಾಣೆಯಲ್ಲಾದರೂ ಕೊಡಬಹುದು, ‘ನಮ್ಮ ಹದ್ದಿಗೆ ಬರುವುದಿಲ್ಲ’ ಎಂದು ಕಳಿಸುವಂತಿಲ್ಲ. ದಾಖಲಿಸಿಕೊಳ್ಳದಿದ್ದರೆ ಎಸ್‌ಪಿಗೆ ಬರಹದಲ್ಲಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ. ಆದರೆ ಕೆಟ್ಟ ಕೆಲಸ ಮಾಡಿದ ಪ್ರತಿ ಕೋಚನ ಮೇಲೂ ವಂಚನೆಯ ಕೇಸು ಹಾಕಿಸಲು ಓಡಬೇಡಿ. ಮಾತು ತಪ್ಪಿದ್ದೆಲ್ಲ ವಂಚನೆಯಲ್ಲ.

ಮತ್ತೆ ನಮ್ಮ ಹುಡುಗಿಯ ವಿಷಯಕ್ಕೆ. ಅವಳ ರೆಸ್ಯೂಮೆಯಲ್ಲಿ ನನ್ನನ್ನು ಹೆದರಿಸಿದ್ದು ಪಂಜಾಬಿಗಿಂತ ಆ ಮೂರು ವರ್ಷದ ಸುಳ್ಳು ಅನುಭವ. ಅದರ ಕೆಳಗೆ ಸಹಿ ಮಾಡಬೇಕಾದವಳು ಅವಳು, ಕೋಚ್ ಅಲ್ಲ. ಸುಳ್ಳು ಮಾಹಿತಿ ಕೊಟ್ಟು ಸೇರಿದವರನ್ನು ಕೆಲಸದಿಂದ ತೆಗೆಯುವ ಅಧಿಕಾರದ ಬಗ್ಗೆ ಸುಪ್ರೀಂ ಕೋರ್ಟ್ 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ವಿವರವಾಗಿಯೇ ಹೇಳಿದೆ. ಅನುಭವದ ನಕಲಿ ಪ್ರಮಾಣಪತ್ರ ಲಗತ್ತಿಸಿದರಂತೂ ಫೋರ್ಜರಿಯ ಕೇಸು. ಪುಣ್ಯಕ್ಕೆ ಅವಳು ಅದನ್ನು ಯಾವ ಕಂಪನಿಗೂ ಕಳಿಸಿರಲಿಲ್ಲ. ಅಲ್ಲದೆ ನಂಬಿ ಕೊಟ್ಟ ಫೋನ್ ನಂಬರು, ವಿಳಾಸ, ಅಂಕಪಟ್ಟಿಗಳನ್ನು ಕೋಚ್ ಇನ್ನೊಬ್ಬರಿಗೆ ಹಂಚಿದರೆ ಅದೂ ಅನುಚಿತ ವ್ಯಾಪಾರ ಪದ್ಧತಿ. ಅವಳಿಗೆ ಆಗಲೇ ಸಾಲ ಕೊಡುತ್ತೇವೆ ಎಂಬ ಫೋನ್‌ಗಳು ಬರತೊಡಗಿದ್ದವು. ಯಾರು ಹಂಚಿದರೆಂದು ತೋರಿಸಲು ಸಾಕ್ಷಿ ಇರಲಿಲ್ಲವಾದ್ದರಿಂದ ಅದನ್ನು ದೂರಿನಲ್ಲಿ ಹಾಕಲಿಲ್ಲ. ಸಾಕ್ಷಿ ಇಲ್ಲದ ಒಂದು ಆರೋಪ ಸಾಕ್ಷಿ ಇರುವ ಮೂರನ್ನು ಕೆಡಿಸುತ್ತದೆ.

ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇ-ಮೇಲ್ ಹಾಕಿದೆವು. ಜಾಲತಾಣದ ಮೂಲಕ ಸೇವೆ ಮಾರುವವರು 48 ತಾಸಿನೊಳಗೆ ದೂರು ಬಂದಿದೆಯೆಂದು ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು ಎಂಬುದು 2020ರ ಇ-ಕಾಮರ್ಸ್ ನಿಯಮ. ಉತ್ತರವಿಲ್ಲ. ಆಮೇಲೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಿದಳು. ಈ ಸಹಾಯವಾಣಿ ತೀರ್ಪು ಕೊಡುವುದಿಲ್ಲ, ಕಂಪನಿಗೆ ದೂರು ದಾಟಿಸುತ್ತದೆ, ಎಷ್ಟೋ ವಿಷಯ ಅಲ್ಲೇ ಬಗೆಹರಿಯುತ್ತವೆ. ಕಂಪನಿ ಒಂದು ವಾರಕ್ಕೆ ಕಣ್ಣುಬಿಟ್ಟು, ‘ಇನ್ನೊಂದು ರೆಸ್ಯೂಮೆ ಉಚಿತವಾಗಿ ಬರೆದುಕೊಡುತ್ತೇವೆ’ ಎಂದಿತು. “ಈ ಸಲ ಸ್ಥಳ ಚಂಡೀಗಢ ಇರತೈತೇನೋ” ಎಂದಳು. ನಾವು ಸ್ಪೀಡ್ ಪೋಸ್ಟಿನಲ್ಲಿ ನೋಟಿಸು ಕಳಿಸಿದೆವು. ಕಾಯ್ದೆಯಲ್ಲಿ ನೋಟಿಸು ಕಡ್ಡಾಯವಲ್ಲ, ಆದರೆ ಕೇಳಿದರೂ ಕೊಡಲಿಲ್ಲವೆಂದು ತೋರಿಸಲು ಅದಕ್ಕಿಂತ ಒಳ್ಳೆಯ ಕಾಗದ ಬೇರಿಲ್ಲ.

ದೂರು ಸಲ್ಲಿಸಲು ವಕೀಲರೇ ಬೇಕೆಂದಿಲ್ಲ. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕ ಸೊನ್ನೆ. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ಆ ದಿನ ಯಾವುದೆಂಬ ಚರ್ಚೆಗೇ ಆಸ್ಪದ ಬೇಡ, ರೊಕ್ಕ ಕಟ್ಟಿದ ದಿನದಿಂದಲೇ ಎಣಿಸಿಕೊಳ್ಳಿ. 2025ರ ಜನವರಿ 1ರಂದು ಶುರುವಾದ ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು, ಅರ್ಜಿ ಕೊಟ್ಟರೆ ವಿಚಾರಣೆಯೂ ವಿಡಿಯೋದಲ್ಲಿ ಆಗಬಹುದು. ಎದುರಿನವರಿಗೆ ಉತ್ತರ ಕೊಡಲು 30 ದಿನ, ಹೆಚ್ಚೆಂದರೆ ಇನ್ನು 15. ಅದರ ಮೇಲೆ ಒಂದು ದಿನವೂ ಇಲ್ಲವೆಂದು 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿಬಿಟ್ಟಿದೆ. ಮೂರು ತಿಂಗಳಲ್ಲಿ ಮುಗಿಸಬೇಕು ಎಂಬ ಮಾತು ಕಾಯ್ದೆಯ ಪುಸ್ತಕದಲ್ಲಿದೆ. ನೀವು ಇನ್ನೂ ಸ್ವಲ್ಪ ತಾಳ್ಮೆ ಇಟ್ಟುಕೊಂಡಿರಿ. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೆ 25,000ದಿಂದ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಬರೆಯಲು ಸಹಾಯ ಬೇಕಾದರೆ ತಾಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, ಫೋನ್ 15100. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಕೇಳದೆ ಉಚಿತ ವಕೀಲರನ್ನು ಕೊಡಬೇಕು.

ರೆಸ್ಯೂಮೆಯನ್ನು ಆಮೇಲೆ ಅವಳೇ ಒಂದು ಪುಟದಲ್ಲಿ ಬರೆದುಕೊಂಡು, ಕೇಂದ್ರ ಸರ್ಕಾರದ ರಾಷ್ಟ್ರೀಯ ವೃತ್ತಿ ಸೇವೆಯ ಜಾಲತಾಣದಲ್ಲಿ ಹೆಸರು ನೋಂದಾಯಿಸಿದಳು. 2015ರಿಂದ ಇದೆ, ಬಿಡಿಗಾಸು ಖರ್ಚಿಲ್ಲ. 14,500ಕ್ಕೆ ಮೊದಲು ಇದನ್ನು ಯಾರೂ ಅವಳಿಗೆ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

ದೂರಿನ ಕೊನೆಯಲ್ಲೂ ಒಂದು ಘೋಷಣೆ ಬರೆಯಬೇಕು: ಮೇಲಿನ ಸಂಗತಿಗಳು ನನಗೆ ತಿಳಿದ ಮಟ್ಟಿಗೆ ನಿಜ. ಅವಳು ಅಲ್ಲಿಗೆ ಬಂದು ಪೆನ್ನು ನಿಲ್ಲಿಸಿದಳು.

“ಇಲ್ಲಿ ಸ್ಥಳ ಏನ್ ಬರೀಲಿ ಮಾಮಾ, ಹಾವೇರಿ ಅಂತೇನು?”

“ಸಹಿ ಎಲ್ಲಿ ಕುಂತು ಮಾಡ್ತಿಯೋ ಆ ಊರು.”

ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡಳು. ಮನೆಗೆ ಹೋಗಿಯೇ ಸಹಿ ಮಾಡುತ್ತೇನೆಂದು ಸಂಜೆಯ ಹಾನಗಲ್ಲ ಬಸ್ಸು ಹತ್ತಿದಳು.