ಎಲೆ ನೋಡಿ ರುಚಿ ಹೇಳೋದು ಹೇಗೆ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ನಮಗೆ ಸ್ಟ್ರಾಬೆರಿ ಅಂದ್ರೆ ಐಸ್‌ಕ್ರೀಮ್ ಫ್ಲೇವರ್ ಅಷ್ಟೇ, ಹೊಲದಲ್ಲಿರೋದು ಕಬ್ಬು. ನಾವು ಬೆಳೆಯೋ ಕೋ 86032 ತಳಿಯ ಹೆಸರಲ್ಲೇ 1986 ಇದೆ, ಕೊಯಮತ್ತೂರಿನಿಂದ ಬಿಡುಗಡೆಯಾಗಿದ್ದು 2000ದಲ್ಲಿ. ಹದಿನಾಲ್ಕು ವರ್ಷ!

ಸ್ಟ್ರಾಬೆರಿಯಲ್ಲಿ ಈ ಕಾಯೋದು ಸ್ವಲ್ಪ ಕಡಿಮೆ ಆಗಿದೆ. ಮತ್ತೆ ಮತ್ತೆ ಹೂ ಬಿಡೋ ಗುಣಕ್ಕೆ ಮುಖ್ಯವಾಗಿ ಡಿಎನ್‌ಎಯ ಒಂದು ಜಾಗ ಕಾರಣ, ಪೀಚ್‌ನಂಥ ಪರಿಮಳಕ್ಕೆ ಒಂದು ಜೀನ್. ಅವುಗಳ ಹತ್ತಿರವೇ ಇರುವ, ಸುಲಭವಾಗಿ ಪತ್ತೆಯಾಗುವ ಗುರುತೇ ಮಾರ್ಕರ್. ಎಳೆ ಸಸಿಯ ಎಲೆ ಚೂರು ತಗೊಂಡು ಪಿಸಿಆರ್ ಮಾಡಿ, ಗುರುತಿಲ್ಲದ ಸಸಿಯನ್ನು ಆಗಲೇ ಕಿತ್ತುಹಾಕಬಹುದು.

ಕಬ್ಬಿನಲ್ಲೂ ತುಕ್ಕು ರೋಗ ತಡೆಯೋ ಬಿಆರ್‌ಯು1 ಜೀನಿಗೆ ಮಾರ್ಕರ್ ಇದೆ. ಆದರೆ ಸಿಹಿ? ಅದು ನೂರಕ್ಕೂ ಹೆಚ್ಚು ಕ್ರೋಮೋಸೋಮುಗಳಲ್ಲಿ ಹಂಚಿಹೋದ ಬಹಳಷ್ಟು ಜೀನ್‌ಗಳ ಕೆಲಸ. ಒಂದೆರಡು ಮಾರ್ಕರ್ ಸಾಲಲ್ಲ. ಇವತ್ತಿಗೂ ಹೊಲದಲ್ಲಿ ಬೆಳೆಸಿ, ರಸ ತೆಗೆದು, ಬ್ರಿಕ್ಸ್ ಅಳೆದೇ ನೋಡಬೇಕು.